ಮಗುಚಿದ ದೋಣಿ: ‘ವೆಲ್ಮ್’ ಎಂಬ ಶಬ್ದದ ಅರ್ಥವಿಚಾರ

ಹಳೆಯ ಮನೆಗಳ ಅಟ್ಟದ ಮೇಲೆ ಬಳಕೆ ತಪ್ಪಿದ ತಾಮ್ರದ ಪಾತ್ರೆಗಳು ಬೋರಲಾಗಿ ಬಿದ್ದಿರುವಂತೆ, ನಿಘಂಟುಗಳಲ್ಲಿಯೂ ಬಳಕೆ ತಪ್ಪಿದ ಶಬ್ದಗಳು ಬಿದ್ದಿರುತ್ತವೆ. ಇಂಗ್ಲಿಷಿನ ‘ವೆಲ್ಮ್’ ಅಂಥದೊಂದು ಶಬ್ದ. ಅದರ ಹಿಂದೆ ‘ಓವರ್’ ಸೇರಿ ಆದ ‘ಓವರ್‌ವೆಲ್ಮ್’ ಮಾತ್ರ ಮಹಾನಗರಗಳಲ್ಲಿ ನೆಲೆಸಿದ ಎಲ್ಲರ ಕಿವಿಗೂ ಬಿದ್ದ ಮಾತು. ಚುನಾವಣೆಯಲ್ಲಿ ಗೆದ್ದ ಪಕ್ಷದ ಬಹುಮತಕ್ಕೆ ವೃತ್ತಪತ್ರಿಕೆಗಳು ಅದನ್ನು ವಿಶೇಷಣವಾಗಿ ಹಚ್ಚುತ್ತವೆ. ಸಮಾರಂಭದಲ್ಲಿ ಶಾಲು ಹೊದಿಸಿಕೊಂಡವರು ಅದೇ ಮಾತಿನಿಂದ ಕೃತಜ್ಞತೆಯನ್ನು ಸೂಚಿಸುತ್ತಾರೆ. ಕಚೇರಿಯಲ್ಲಿ ಕಡತಗಳ ನಡುವೆ ಕುಳಿತವರೂ, ವೈದ್ಯರ ಎದುರಿಗೆ ಕುಳಿತ ರೋಗಿಗಳೂ ಅದನ್ನೇ ಆಡುತ್ತಾರೆ. ಹರ್ಷಕ್ಕೂ ಸಂಕಟಕ್ಕೂ ಸಮಾನವಾಗಿ ಸಲ್ಲುವ ಈ ಮಾತಿನ ಒಡಲಲ್ಲಿರುವ ಚಿತ್ರ ಯಾವುದು? ಅದನ್ನು ಅರಿತರೆ ಭಾಷಾಜ್ಞಾನದ ಜೊತೆಗೆ ಆರೋಗ್ಯಕ್ಕೂ ಪ್ರಯೋಜನವುಂಟೆಂಬುದನ್ನು ಮುಂದಿನ ವಿವೇಚನೆ ತೋರಿಸೀತು.

ಶಬ್ದದ ಹುಟ್ಟು

14ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಶಬ್ದದ ರೂಪ ‘ವೆಲ್ಮೆನ್’ ಎಂದಿತ್ತು. ತಲೆಕೆಳಗು ಮಾಡು, ಬೋರಲು ಹಾಕು, ಮಗುಚು ಎಂದು ಅದರ ಅರ್ಥ. ಒಂದು ಪಾತ್ರೆಯ ಮೇಲೆ ಇನ್ನೊಂದನ್ನು ಬೋರಲಾಗಿ ಮುಚ್ಚುವುದಕ್ಕೂ ಈ ಶಬ್ದವೇ, ನೀರಿನ ಮೇಲೆ ದೋಣಿ ಮಗುಚಿಕೊಳ್ಳುವುದಕ್ಕೂ ಈ ಶಬ್ದವೇ. ಕಮಾನಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರೂ, ಕಮಾನಿನಂತೆ ಬಾಗಿಸು ಎಂಬರ್ಥದ ಜರ್ಮನ್ ಕ್ರಿಯಾಪದವೂ ಇದರ ಬಂಧುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತಲೆಯ ಮೇಲೆ ಕಮಾನಿನಂತೆ ಬಾಗಿ ಬಂದು ಎರಗುವ ಅಲೆಯನ್ನು ನೆನೆದರೆ ಈ ಬಾಂಧವ್ಯ ತಾನಾಗಿ ಸ್ಪಷ್ಟವಾಗುತ್ತದೆ.

ಮಗುಚಿದ ದೋಣಿಯನ್ನು ನೀರು ಮುಚ್ಚುತ್ತದೆ. ಆದುದರಿಂದ ‘ಮಗುಚು’ ಎಂಬ ಅರ್ಥದಿಂದ ‘ಮುಳುಗಿಸು’ ಎಂಬ ಅರ್ಥ ಹುಟ್ಟಿತು. ಮುಳುಗಿದವನಿಗೆ ಬಲ ಸಾಲದು. ಆದುದರಿಂದ ‘ಸಂಪೂರ್ಣವಾಗಿ ಸೋಲಿಸು’ ಎಂಬ ಅರ್ಥವೂ ಕೂಡಿಕೊಂಡಿತು. ಮೊದಲು ಪಾತ್ರೆ, ಬಳಿಕ ದೋಣಿ, ಬಳಿಕ ಸೈನ್ಯ, ಕಡೆಗೆ ಮನುಷ್ಯನ ಮನಸ್ಸು. ಶಬ್ದ ಸಾಗಿದ ದಾರಿ ಇದು. 1755ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ನಿಘಂಟಿನಲ್ಲಿ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ ಅವರು ಈ ಶಬ್ದಕ್ಕೆ ಅರ್ಥ ಹೇಳುವಾಗ ಒಂದು ಸೂಕ್ಷ್ಮವನ್ನು ಸೇರಿಸಿದ್ದಾರೆ. ಬರಿದೆ ಮುಚ್ಚಿದರೆ ಸಾಲದು. ಮೇಲೆ ಬಿದ್ದದ್ದು ಕೊಡವಿ ಎಸೆಯಲಾಗದಂಥದಾಗಿರಬೇಕು. ಮೈಮೇಲಿನ ಹೊದಿಕೆಯನ್ನು ಸರಿಸಬಹುದು, ‘ವೆಲ್ಮ್’ ಆದದ್ದನ್ನು ಸರಿಸಲಾಗದು. ಈ ಸೂಕ್ಷ್ಮವನ್ನು ಮುಂದೆ ನೆನಪಿನಲ್ಲಿಡಬೇಕು.

‘ವೆಲ್ಮ್’ ಎಂಬುದರಲ್ಲಿಯೇ ‘ಮೇಲೆ ಬೀಳು’ ಎಂಬ ಭಾವ ತುಂಬಿರುವಾಗ ‘ಓವರ್’ ಏಕೆ ಬೇಕಾಯಿತು? ಒತ್ತಿ ಹೇಳುವುದಕ್ಕೆ. ಕನ್ನಡದಲ್ಲಿ ‘ನಡು’ ಸಾಲದೆಂದು ‘ನಟ್ಟನಡು’ ಎಂದೂ, ‘ತುದಿ’ ಸಾಲದೆಂದು ‘ತುತ್ತತುದಿ’ ಎಂದೂ ಹೇಳುವುದಿಲ್ಲವೇ, ಹಾಗೆ. ಕಾಲಕ್ರಮದಲ್ಲಿ ಉದ್ದನೆಯ ರೂಪವೇ ಊರೂರು ಸುತ್ತಿತು, ಮೂಲಶಬ್ದ ಅಟ್ಟ ಸೇರಿತು. 1950ರ ದಶಕದಲ್ಲಿ ಇಂಗ್ಲಿಷ್ ಆಡುವವರು ವಿನೋದಕ್ಕಾಗಿ ‘ಅಂಡರ್‌ವೆಲ್ಮ್’ ಎಂಬ ಇನ್ನೊಂದು ರೂಪವನ್ನು ಬಳಕೆಗೆ ತಂದರು. ನಿರೀಕ್ಷೆಯಿಟ್ಟು ಹೋದ ನಾಟಕ ಸಪ್ಪೆಯಾಗಿದ್ದರೆ ನೋಡಿದವರ ಮನಸ್ಸಿಗಾಗುವ ನೀರಸಭಾವಕ್ಕೆ ಆ ಮಾತು ಸಲ್ಲುತ್ತದೆ.

ಕವಿಗಳ ಕೈಯಲ್ಲಿ

ಷೇಕ್ಸ್‌ಪಿಯರನ ‘ದಿ ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ಪಿಸ್ಟಲ್ ಎಂಬ ಬಡಾಯಿಯ ಪಾತ್ರ, ಸಮುದ್ರವನ್ನು ಕುರಿತು ಆಡುವ ಮಾತಿನಲ್ಲಿ ಈ ಶಬ್ದವನ್ನು ಬಳಸುತ್ತದೆ. ಮಿಲ್ಟನ್ ಕವಿ ಐರಿಷ್ ಸಮುದ್ರದಲ್ಲಿ ಮುಳುಗಿ ತೀರಿಕೊಂಡ ಸಹಪಾಠಿಯ ನೆನಪಿಗೆ 1637ರಲ್ಲಿ ಬರೆದ ‘ಲಿಸಿಡಸ್’ ಶೋಕಗೀತೆಯಲ್ಲಿಯೂ ಅದು ಬರುತ್ತದೆ. ಆದರೆ ಈ ಶಬ್ದದ ಆಳವನ್ನು ಮುಟ್ಟಿದವನು ವಿಲಿಯಂ ಕೂಪರ್. ನಿರ್ಜನ ದ್ವೀಪವಾಸಿ ಅಲೆಗ್ಸಾಂಡರ್ ಸೆಲ್ಕರ್ಕನನ್ನು ಕುರಿತ ಕವಿತೆಯಿಂದ ಹಿಂದಿನ ತಲೆಮಾರಿನ ಅನೇಕ ವಿದ್ಯಾರ್ಥಿಗಳಿಗೆ ಪರಿಚಿತನಾದ ಕವಿ ಈತ.

ಕೂಪರ್ 1731ರಲ್ಲಿ ಹುಟ್ಟಿ 1800ರಲ್ಲಿ ತೀರಿಕೊಂಡನು. 1763ರಲ್ಲಿ ಒಂದು ಹುದ್ದೆಗಾಗಿ ಪರೀಕ್ಷೆಯನ್ನು ಎದುರಿಸಬೇಕಾಗಿ ಬಂದಾಗ ಅವನ ಮನಸ್ಸು ಕುಸಿಯಿತು, ಆತ್ಮಹತ್ಯೆಗೂ ಯತ್ನಿಸಿದನು. ಸೇಂಟ್ ಆಲ್ಬನ್ಸಿನ ವೈದ್ಯಶಾಲೆಯಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡನು. ಆದರೂ ಆ ಕತ್ತಲೆ ಬಾಳಿನುದ್ದಕ್ಕೂ ಮರಳಿ ಮರಳಿ ಬಂತು. 1799ರಲ್ಲಿ ಅವನು ‘ದಿ ಕಾಸ್ಟವೇ’ ಎಂಬ ಕವಿತೆಯನ್ನು ಬರೆದನು. ಆನ್ಸನ್ ಎಂಬ ನೌಕಾಧಿಕಾರಿಯ ಸಮುದ್ರಯಾನದ ವೃತ್ತಾಂತದಲ್ಲಿ ಬರುವ ಒಂದು ಘಟನೆ ಅದರ ವಸ್ತು. ಬಿರುಗಾಳಿಯಲ್ಲಿ ನಾವಿಕನೊಬ್ಬ ಹಡಗಿನಿಂದ ನೀರಿಗೆ ಬೀಳುತ್ತಾನೆ. ಅವನು ಒಳ್ಳೆಯ ಈಜುಗಾರ. ಹಡಗಿನವರು ನಿರ್ದಯರೇನೂ ಅಲ್ಲ. ಆದರೆ ಗಾಳಿಯ ರಭಸದಲ್ಲಿ ಹಡಗನ್ನು ತಿರುಗಿಸಲು ಅವರಿಗೆ ಸಾಧ್ಯವಿಲ್ಲ. ಕವಿತೆಯ ಕಟ್ಟಕಡೆಯಲ್ಲಿ ‘ವೆಲ್ಮ್’ ಎಂಬ ಶಬ್ದ ಬರುತ್ತದೆ, ಮತ್ತು ಕವಿ ಅದನ್ನು ತನ್ನ ಬಾಳಿಗೆ ಅನ್ವಯಿಸಿಕೊಳ್ಳುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಳುಗಿದವನು ಈಜಲು ಬಾರದವನಲ್ಲ. ಅವನಲ್ಲಿ ಕೊರತೆಯಿತ್ತೆಂದು ಆ ಶಬ್ದ ಎಲ್ಲಿಯೂ ಹೇಳುವುದಿಲ್ಲ. ಅಲೆ ಅವನಿಗಿಂತ ದೊಡ್ಡದಾಗಿತ್ತು ಎಂದಷ್ಟೇ ಹೇಳುತ್ತದೆ.

ಬಳಕೆಯ ಕೆಲವು ನಿಯಮಗಳು

ಈ ಶಬ್ದದ ರೂಪಗಳನ್ನು ಬಳಸುವಾಗ ತಪ್ಪುಗಳಾಗುವುದುಂಟು. ಕೆಳಗಿನ ಅಂಶಗಳನ್ನು ವಾಚಕರು ಮನನ ಮಾಡಿಕೊಳ್ಳಬಹುದು.

ಒಂದು: ‘ಓವರ್‌ವೆಲ್ಮಿಂಗ್’ ಎಂಬುದು ಅಲೆಗೆ ಸಲ್ಲುವ ವಿಶೇಷಣ, ‘ಓವರ್‌ವೆಲ್ಮ್ಡ್’ ಎಂಬುದು ದೋಣಿಗೆ ಸಲ್ಲುವ ವಿಶೇಷಣ. ಕೆಲಸ ‘ಓವರ್‌ವೆಲ್ಮಿಂಗ್’ ಆದರೆ ಕೆಲಸಗಾರ ‘ಓವರ್‌ವೆಲ್ಮ್ಡ್’. ‘ಐ ಆ್ಯಮ್ ಓವರ್‌ವೆಲ್ಮಿಂಗ್’ ಎಂದವನು ತಾನೇ ಇತರರ ಮೇಲೆ ಎರಗಿ ಬೀಳುವವನೆಂದು ಹೇಳಿಕೊಂಡಂತಾಗುತ್ತದೆ.

ಎರಡು: ಈ ಶಬ್ದ ಸುಖದುಃಖಗಳೆರಡಕ್ಕೂ ಸಲ್ಲುತ್ತದೆ. ‘ಓವರ್‌ವೆಲ್ಮ್ಡ್ ವಿತ್ ಗ್ರೀಫ್’ ಎಂದರೆ ದುಃಖದಲ್ಲಿ ಮುಳುಗಿದ ಸ್ಥಿತಿ, ‘ಓವರ್‌ವೆಲ್ಮ್ಡ್ ವಿತ್ ಜಾಯ್’ ಎಂದರೆ ಆನಂದಪರವಶತೆ. ಯಾವುದರಿಂದ ಎಂಬುದನ್ನು ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಕಷ್ಟದ ಅರ್ಥವೇ ನಿಲ್ಲುತ್ತದೆ.

ಮೂರು: ಭಾವಗಳ ಮುಂದೆ ‘ವಿತ್’ ಎಂಬುದೂ, ಹೊರಗಿನಿಂದ ಬಂದ ಬಲದ ಮುಂದೆ ‘ಬೈ’ ಎಂಬುದೂ ಹೆಚ್ಚಾಗಿ ಬರುತ್ತವೆ. ಶತ್ರುಗಳಿಂದ ಸೋತ ಸೈನ್ಯಕ್ಕೆ ‘ಬೈ’ ಸರಿ.

ನಾಲ್ಕು: ‘ಓವರ್‌ವೆಲ್ಮಿಂಗ್ ಮೆಜಾರಿಟಿ’ ಎಂಬುದನ್ನು ಕನ್ನಡ ಪತ್ರಿಕೆಗಳು ‘ಪ್ರಚಂಡ ಬಹುಮತ’ ಎಂದು ಸೊಗಸಾಗಿ ಅನುವಾದಿಸಿಕೊಂಡಿವೆ. ಇಲ್ಲಿ ಸಂಕಟದ ಛಾಯೆಯಿಲ್ಲ, ಎದುರಾಳಿಗೆ ತಡೆಯಲಾಗದ ಬಲ ಎಂಬಷ್ಟೇ ಭಾವ.

ಐದು: ಬರಿಯ ‘ವೆಲ್ಮ್’ ಇಂದು ಕಾವ್ಯದಲ್ಲಿಯೂ ಗಂಭೀರ ಗದ್ಯದಲ್ಲಿಯೂ ವಿರಳವಾಗಿ ಕಾಣುತ್ತದೆ. ಅಲೆ ದೋಣಿಯನ್ನು ಮುಳುಗಿಸಿತು ಎನ್ನುವಲ್ಲಿ ಅದನ್ನು ನಿಸ್ಸಂಕೋಚವಾಗಿ ಬಳಸಬಹುದು. ಕಚೇರಿಯ ಪತ್ರದಲ್ಲಿ ಬಳಸಿದರೆ ಕೃತಕವಾಗಿ ಕಂಡೀತು.

ಕನ್ನಡದಲ್ಲಿ ಹೇಳುವ ಬಗೆ

ಇಂಗ್ಲಿಷಿನ ಈ ಒಂದು ಶಬ್ದಕ್ಕೆ ಕನ್ನಡದಲ್ಲಿ ಒಂದೇ ಪರ್ಯಾಯವನ್ನು ಹುಡುಕುವುದು ವ್ಯರ್ಥ. ಕನ್ನಡ ಅದನ್ನು ಹಲವು ಪದಗಳಲ್ಲಿ ಹಂಚಿಕೊಂಡಿದೆ. ಪಾತ್ರೆಯನ್ನು ಬೋರಲು ಮಾಡುವುದಕ್ಕೆ ‘ಕವುಚು’ ಎಂದೂ, ದೋಣಿ ತಲೆಕೆಳಗಾಗುವುದಕ್ಕೆ ‘ಮಗುಚು’ ಎಂದೂ ಇದೆ. ಮೇಲಿನಿಂದ ಬಂದು ಮುಚ್ಚಿಕೊಳ್ಳುವುದಕ್ಕೆ ‘ಕವಿ’ ಎಂಬ ಅಚ್ಚಗನ್ನಡ ಕ್ರಿಯಾಪದವಿದೆ. ಕಾವ್ಯ ರಚಿಸುವ ‘ಕವಿ’ ಸಂಸ್ಕೃತದ್ದು; ಇದು ಬೇರೆ. ಮೋಡ ಕವಿಯುತ್ತದೆ, ಕತ್ತಲೆ ಕವಿಯುತ್ತದೆ, ಮನಸ್ಸಿಗೆ ಮಂಕು ಕವಿಯುತ್ತದೆ. ಹೊರಗಿನ ಆಕಾಶಕ್ಕೂ ಒಳಗಿನ ಮನಸ್ಸಿಗೂ ಒಂದೇ ಕ್ರಿಯಾಪದ. ‘ವೆಲ್ಮ್’ ಶಬ್ದಕ್ಕೆ ಅತ್ಯಂತ ಸಮೀಪದ ಕನ್ನಡ ಮಾತು ಬಹುಶಃ ಇದೇ.

ಹರ್ಷದ ಪಕ್ಷದಲ್ಲಿ ‘ಹೃದಯ ತುಂಬಿ ಬಂತು’, ‘ಮಾತು ಗದ್ಗದವಾಯಿತು’ ಎನ್ನುತ್ತಾರೆ. ಕಷ್ಟದ ಪಕ್ಷದಲ್ಲಿ ‘ದಿಕ್ಕು ತೋಚದಂತಾಯಿತು’, ‘ಕೈಕಾಲು ಆಡದಂತಾಯಿತು’, ‘ಕಂಗೆಟ್ಟುಹೋದೆ’, ‘ಆಕಾಶವೇ ಕಳಚಿ ತಲೆಯ ಮೇಲೆ ಬಿದ್ದಂತಾಯಿತು’ ಎನ್ನುತ್ತಾರೆ. ಗಡಿಬಿಡಿ, ದಣಿವು, ಬೇಸರ ಇವು ಈ ಗುಂಪಿಗೆ ಸೇರುವುದಿಲ್ಲ. ಗಡಿಬಿಡಿಯಲ್ಲಿರುವವನಿಗೆ ಸಮಯ ಸಾಲದು. ದಣಿದವನಿಗೆ ನಿದ್ರೆ ಬೇಕು. ಬೇಸತ್ತವನಿಗೆ ಬದಲಾವಣೆ ಬೇಕು. ಕಂಗೆಟ್ಟವನ ಸ್ಥಿತಿ ಬೇರೆ. ಮುಂದೆ ಹತ್ತು ಕೆಲಸಗಳಿದ್ದರೂ ಯಾವುದನ್ನು ಮೊದಲು ಮುಟ್ಟಬೇಕೆಂದು ತೋಚದೆ ಅವನು ಸುಮ್ಮನೆ ಕುಳಿತುಬಿಡುತ್ತಾನೆ. ನೋಡುವವರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಅನ್ಯಾಯ ಆರಂಭವಾಗುವುದು ಇಲ್ಲಿಯೇ.

ವೈದ್ಯರ ಮುಂದೆ

ಊರು ಬಿಟ್ಟು ಮುಂಬಯಿಗೆ ಬಂದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಬಹುದು. ನಸುಕಿನಲ್ಲಿ ನೀರು ಹಿಡಿಯಬೇಕು. ಪತಿಯ ಲೋಕಲ್ ರೈಲಿನ ಹೊತ್ತಿಗೆ ಡಬ್ಬಿ ಸಿದ್ಧವಾಗಬೇಕು. ಮಗುವಿನ ಶಾಲೆಯ ಡೈರಿ ಇಂಗ್ಲಿಷಿನಲ್ಲಿ, ನೆರೆಯವರ ಮಾತು ಮರಾಠಿಯಲ್ಲಿ, ಅಂಗಡಿಯ ವ್ಯವಹಾರ ಹಿಂದಿಯಲ್ಲಿ. ಊರಿನಲ್ಲಿ ವಯಸ್ಸಾದ ತಾಯಿಗೆ ಮೈಯಲ್ಲಿ ಸೌಖ್ಯವಿಲ್ಲವೆಂದು ಫೋನು. ಪ್ರತಿಯೊಂದೂ ಬಿಡಿಯಾಗಿ ನೋಡಿದರೆ ಸಣ್ಣ ಹೊರೆಯೇ. ಒಂದು ದಿನ ಆಕೆ ಒಲೆಯ ಮುಂದೆ ನಿಂತಲ್ಲಿಯೇ ನಿಂತುಬಿಡುತ್ತಾಳೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಳು ಬರುತ್ತದೆ. ವೈದ್ಯರ ಬಳಿಗೆ ಹೋದರೆ ಪರಭಾಷೆಯಲ್ಲಿ ಹೇಳಲು ಆಕೆಗೆ ದೊರೆಯುವ ಮಾತುಗಳು ಎರಡೇ: ತಲೆನೋವು ಮತ್ತು ಸುಸ್ತು. ವೈದ್ಯರು ಆ ಎರಡಕ್ಕೆ ಔಷಧ ಬರೆದು ಕಳುಹಿಸುತ್ತಾರೆ. ಹೇಳದೆ ಉಳಿದದ್ದಕ್ಕೆ ಔಷಧವಿಲ್ಲ.

ಆಕೆಯ ದೇಹದಲ್ಲಿ ನಡೆಯುವುದೇನೆಂಬುದು ಶಾಸ್ತ್ರಕ್ಕೆ ತಿಳಿದಿದೆ. ಅಪಾಯವನ್ನು ಕಂಡಾಗ ದೇಹ ಹೋರಾಟಕ್ಕೋ ಪಲಾಯನಕ್ಕೋ ಸಜ್ಜಾಗುತ್ತದೆಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಅಡ್ರಿನಲಿನ್ ರಸ ರಕ್ತಕ್ಕೆ ಸೇರುತ್ತದೆ, ನಾಡಿ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹುಲಿ ಎದುರಾದರೆ ಈ ಸಿದ್ಧತೆ ಪ್ರಾಣ ಉಳಿಸೀತು. ಆದರೆ ಬಾಡಿಗೆಯ ಚಿಂತೆಯೊಡನೆ ಹೋರಾಡುವಂತಿಲ್ಲ, ಓಡಿಹೋಗುವಂತೆಯೂ ಇಲ್ಲ. ಸಿದ್ಧತೆ ದಿನಗಟ್ಟಲೆ ಹಾಗೆಯೇ ಉಳಿದರೆ ನಿದ್ರೆ, ಹಸಿವು, ರಕ್ತದೊತ್ತಡ ಎಲ್ಲವೂ ಏರುಪೇರಾಗುತ್ತವೆ.

ಮನಸ್ಸಿಗೂ ಒಂದು ಅಳತೆಯಿದೆ. ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಅಂಶಗಳು ಸುಮಾರು ಏಳು ಎಂದು ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1956ರಲ್ಲಿ ಹೇಳಿದರು. ನೆಲ್ಸನ್ ಕೊವನ್ ಅವರು 2001ರಲ್ಲಿ ಆ ಅಂದಾಜನ್ನು ನಾಲ್ಕರ ಸುಮಾರಿಗೆ ಇಳಿಸಿದರು. ಹದಿನೈದು ಚಿಂತೆಗಳನ್ನು ಒಟ್ಟಿಗೆ ಹೊತ್ತವರ ಬುದ್ಧಿ ಮಂಕಾದರೆ ಅದರಲ್ಲಿ ಆಶ್ಚರ್ಯವೇನು? 1984ರಲ್ಲಿ ರಿಚರ್ಡ್ ಲಜರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಮಾನಸಿಕ ಒತ್ತಡದ ಲಕ್ಷಣವನ್ನು ಹೀಗೆ ನಿರೂಪಿಸಿದರು: ತನ್ನ ಮೇಲೆ ಬಿದ್ದ ಹೊರೆ ತನ್ನ ಶಕ್ತಿಸಾಧನಗಳನ್ನು ಮೀರಿದೆಯೆಂದು ವ್ಯಕ್ತಿಗೆ ತೋರಿದಾಗ ಒತ್ತಡ ಉಂಟಾಗುತ್ತದೆ. ಹೊರೆ ಒಂದು ತಟ್ಟೆಯಲ್ಲಿ, ಶಕ್ತಿ ಇನ್ನೊಂದರಲ್ಲಿ. ತಕ್ಕಡಿ ವಾಲಿದಾಗ ದೋಣಿ ಮಗುಚುತ್ತದೆ. ಏಳುನೂರು ವರ್ಷಗಳ ಹಿಂದಿನ ಶಬ್ದದ ಚಿತ್ರವೂ ಇದೇ.

ಇನ್ನೊಂದು ಪ್ರಯೋಗ ಭಾಷಾಪ್ರೇಮಿಗಳಿಗೆ ವಿಶೇಷ ಆಸಕ್ತಿಯದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು, ಭಾವೋದ್ವೇಗದ ಮುಖಚಿತ್ರಗಳನ್ನು ನೋಡುತ್ತಿರುವವರ ಮಿದುಳಿನ ಚಟುವಟಿಕೆಯನ್ನು ಯಂತ್ರದ ಮೂಲಕ ಪರಿಶೀಲಿಸಿದರು. ಕಂಡ ಭಾವಕ್ಕೆ ತಕ್ಕ ಹೆಸರನ್ನು ಆರಿಸಿಕೊಂಡಾಗ, ಮಿದುಳಿನಲ್ಲಿ ಭಯದ ಎಚ್ಚರಿಕೆ ನೀಡುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಹೆಸರಿಡುವುದೇ ಒಂದು ಬಗೆಯ ಉಪಶಮನವೆಂದಾಯಿತು. ಮಂಕು ಕವಿದಿದೆ, ದಿಕ್ಕು ತೋಚುತ್ತಿಲ್ಲ ಎಂದು ತನ್ನ ಭಾಷೆಯಲ್ಲಿ ಒಬ್ಬರ ಮುಂದೆ ಹೇಳಿಕೊಂಡರೆ ಎದೆ ಹಗುರಾಗುವುದೆಂಬ ಹಿರಿಯರ ಅನುಭವಕ್ಕೆ ಇದು ಪೋಷಕವಾಗಿದೆ.

ಹಡಗಿನ ಪಕ್ಕದ ಗೆರೆ

ಪುರಂದರದಾಸರು ಮನುಷ್ಯದೇಹವನ್ನು ರಂಧ್ರಗಳುಳ್ಳ, ಭಾರ ಹೊತ್ತ ಹರಿಗೋಲಿಗೆ ಹೋಲಿಸಿ ದೇವರನ್ನು ಅಂಬಿಗನೆಂದು ಕರೆದರು. ದೇಹವನ್ನೂ ಮನಸ್ಸನ್ನೂ ದೋಣಿಯೆಂದು ಭಾವಿಸುವುದು ಕನ್ನಡಿಗರಿಗೆ ಹೊಸದಲ್ಲ. ದೋಣಿ ಮಗುಚದಂತೆ ನೋಡಿಕೊಳ್ಳಲು ನಾವಿಕಲೋಕ ಕಂಡುಕೊಂಡ ಉಪಾಯವೊಂದಿದೆ.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಲಾಭದಾಸೆಯಿಂದ ಹಡಗುಗಳಿಗೆ ಮಿತಿಮೀರಿ ಸರಕು ತುಂಬುತ್ತಿದ್ದರು. ಅಂಥ ಹಡಗುಗಳು ಮುಳುಗಿ ನಾವಿಕರು ಪ್ರಾಣ ಕಳೆದುಕೊಳ್ಳುತ್ತಿದ್ದರು. ಸ್ಯಾಮ್ಯುಯಲ್ ಪ್ಲಿಮ್ಸಾಲ್ ಎಂಬ ಲೋಕಸೇವಕರು ಪಾರ್ಲಿಮೆಂಟಿನಲ್ಲಿ ಇದರ ವಿರುದ್ಧ ಹೋರಾಡಿದರು. 1876ರ ಕಾಯಿದೆಯಿಂದ ಹಡಗಿನ ಪಕ್ಕದಲ್ಲಿ ಭಾರದ ಗುರುತು ಹಾಕುವುದು ಕಡ್ಡಾಯವಾಯಿತು. ಆದರೆ ಗುರುತನ್ನು ಎಲ್ಲಿ ಹಾಕಬೇಕೆಂಬುದು ಹಡಗಿನ ಒಡೆಯನ ಇಚ್ಛೆಗೆ ಬಿಟ್ಟಿತ್ತು. 1890ರಲ್ಲಿ ಕಾನೂನು ಆ ಸ್ಥಾನವನ್ನೂ ನಿಗದಿಗೊಳಿಸಿತು. ಒಂದು ವೃತ್ತ, ಅದರ ನಡುವೆ ಒಂದು ಅಡ್ಡಗೆರೆ. ಸರಕು ತುಂಬಿದಂತೆಲ್ಲ ಹಡಗು ತಗ್ಗುತ್ತದೆ. ನೀರು ಗೆರೆಯನ್ನು ಮುಟ್ಟಿದರೆ ಮುಂದೆ ಒಂದು ಮೂಟೆಯನ್ನೂ ಏರಿಸುವಂತಿಲ್ಲ. ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಮೋಟಾರು ದೋಣಿಯಲ್ಲಿ ಹೋಗುವವರು ದಾರಿಯಲ್ಲಿ ಲಂಗರು ಹಾಕಿದ ಸರಕು ಹಡಗುಗಳ ಪಕ್ಕದಲ್ಲಿ ಈ ಗುರುತಿಗಾಗಿ ಕಣ್ಣಾಡಿಸಬಹುದು.

ಆ ವೃತ್ತದ ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಇನ್ನೂ ಕೆಲವು ಗೆರೆಗಳಿರುತ್ತವೆ. ಉಷ್ಣವಲಯದ ಸಮುದ್ರಕ್ಕೆ ಒಂದು, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಎಲ್ಲಕ್ಕಿಂತ ಕೆಳಗಿನದು ಉತ್ತರ ಅಟ್ಲಾಂಟಿಕದ ಚಳಿಗಾಲದ ಗೆರೆ. ಹಡಗು ಅದೇ, ಹಲಗೆ ಅದೇ, ನಾವಿಕರೂ ಅವರೇ. ಆದರೆ ಒರಟು ನೀರಿನಲ್ಲಿ ಅದೇ ಹಡಗು ಕಡಿಮೆ ಭಾರ ಹೊರಬೇಕು. ಹಾಗೆಂದು ಹಡಗನ್ನು ಯಾರೂ ದುರ್ಬಲವೆಂದು ಹಳಿಯುವುದಿಲ್ಲ.

ಊರಿನಲ್ಲಿ ಹತ್ತು ಜನರ ಅಡುಗೆಯನ್ನು ಸಲೀಸಾಗಿ ಮಾಡುತ್ತಿದ್ದಾಕೆ ನಗರದ ಎರಡು ಕೋಣೆಯ ಮನೆಯಲ್ಲಿ ನಾಲ್ವರ ಅಡುಗೆಗೆ ಕಂಗೆಟ್ಟರೆ, ಆಕೆಯ ಶಕ್ತಿ ಕುಂದಿತೆಂದು ತೀರ್ಮಾನಿಸುವುದು ತಪ್ಪು. ನೀರು ಬದಲಾಗಿದೆ. ಅಲ್ಲಿ ಅತ್ತಿಗೆ, ನಾದಿನಿ, ನೆರೆಯಾಕೆ ಹೊರೆಯನ್ನು ಹಂಚಿಕೊಳ್ಳುತ್ತಿದ್ದರು; ಇಲ್ಲಿ ಹಂಚಿಕೊಳ್ಳುವವರಿಲ್ಲ. ಬಾಣಂತನ, ಮರಣ, ಉದ್ಯೋಗನಷ್ಟ, ಹೊಸ ಊರು ಇವೆಲ್ಲ ಬಾಳಿನ ಚಳಿಗಾಲಗಳು. ಆ ದಿನಗಳಲ್ಲಿ ಗೆರೆ ಕೆಳಗಿಳಿಯುತ್ತದೆಂದು ಮನೆಮಂದಿ ಅರಿತಿರಬೇಕು.

ಪಾಲಿಸಬಹುದಾದ ಸೂತ್ರಗಳು

ಮೊದಲನೆಯದಾಗಿ, ತಲೆಯಲ್ಲಿರುವ ಚಿಂತೆಗಳನ್ನೆಲ್ಲ ಕಾಗದದ ಮೇಲೆ ಬರೆದಿಡಬೇಕು. ಕಾಗದ ಹೊತ್ತದ್ದನ್ನು ಮನಸ್ಸು ಹೊರಬೇಕಾಗಿಲ್ಲ. ಇಂದೇ ಆಗಬೇಕಾದ ಒಂದು ಕೆಲಸಕ್ಕೆ ಗುರುತು ಹಾಕಿ ಅದನ್ನಷ್ಟೇ ಕೈಗೆತ್ತಿಕೊಳ್ಳಬೇಕು.

ಎರಡನೆಯದಾಗಿ, ಇಳಿಸಬಹುದಾದ ಸರಕು ಯಾವುದೆಂದು ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಬೇಕು. ತುಂಬಿದ ದೋಣಿಗೆ ಧೈರ್ಯದ ಮಾತುಗಳಿಂದ ಪ್ರಯೋಜನ ಕಡಿಮೆ. ಒಂದು ಮೂಟೆ ಇಳಿಸಿದರೆ ಪ್ರಯೋಜನ ಹೆಚ್ಚು.

ಮೂರನೆಯದಾಗಿ, ನಿದ್ರೆ, ಹೊತ್ತಿಗೆ ಸರಿಯಾದ ಊಟ, ದಿನಕ್ಕೆ ಅರ್ಧ ಗಂಟೆಯ ನಡಿಗೆ ಇವನ್ನು ತಪ್ಪಿಸಬಾರದು. ಕಾಫಿಯ ಲೋಟಗಳನ್ನು ಹೆಚ್ಚಿಸಿ ನಿದ್ರೆಯನ್ನು ಕಡಿಮೆ ಮಾಡುವುದು ದೋಣಿಯ ತಳಕ್ಕೆ ತೂತು ಕೊರೆದಂತೆ.

ನಾಲ್ಕನೆಯದಾಗಿ, ವೈದ್ಯರ ಬಳಿಗೆ ಹೋಗುವ ಮೊದಲು ಹೇಳಬೇಕಾದುದನ್ನು ಕನ್ನಡದಲ್ಲಿ ಬರೆದುಕೊಂಡು, ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಬೇಕು. ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ ಇವುಗಳಿಂದಲೂ ಸುಸ್ತು ಮತ್ತು ಮಂಕು ಬರುವುದುಂಟಾದ್ದರಿಂದ ರಕ್ತಪರೀಕ್ಷೆ ಮಾಡಿಸುವುದು ಯುಕ್ತ.

ಐದನೆಯದಾಗಿ, ಕವಿದ ಮಂಕು ಎರಡು ವಾರಗಳಾದರೂ ಸರಿಯದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಅದು ಖಿನ್ನತೆಯೆಂಬ ರೋಗವಾಗಿರಬಹುದು. ಜಾನ್ಸನ್ ಹೇಳಿದ, ಕೊಡವಿ ಎಸೆಯಲಾಗದ ಹೊದಿಕೆ ಎಂದರೆ ಇದೇ. ಅದನ್ನು ಸರಿಸಲು ಇನ್ನೊಬ್ಬರ ಕೈ ಬೇಕು. ಬದುಕು ಸಾಕೆಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಒಂದು ದಿನವನ್ನೂ ಕಳೆಯದೆ ಮನೋವೈದ್ಯರನ್ನು ಕಾಣಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. ಭಾರತ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಲಭ್ಯವಿರುವ ಈ ಸೇವೆಯಲ್ಲಿ ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ಮಾರ್ಗದರ್ಶಿಯಾಗಿದೆ.

ಉಪಸಂಹಾರ

ಕೂಪರನ ಕವಿತೆಯ ನಾವಿಕನಿಗೆ ಹಡಗು ಹಿಂದಿರುಗಿ ಬರಲು ಸಾಧ್ಯವಾಗಲಿಲ್ಲ. ನಗರದ ಮನೆಗಳಲ್ಲಿ ಅಂಥ ಅಸಹಾಯಕತೆಯಿಲ್ಲ. ಇಲ್ಲಿ ಪಕ್ಕದ ಬಾಗಿಲು ಹತ್ತೇ ಹೆಜ್ಜೆಯ ದೂರದಲ್ಲಿದೆ. ವಾರಕ್ಕೊಮ್ಮೆ ಕನ್ನಡ ಮಾತು ಕೇಳಿಸುವ ಸಂಘದ ಜಗಲಿಯಿದೆ. ‘ಹೇಗಿದ್ದೀರಿ?’ ಎಂದು ಕೇಳಿದಾಗ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ತಡವಾಗಿ ಬಂದರೆ, ಕೇಳಿದವರು ಒಂದು ಗಳಿಗೆ ನಿಂತು ಇನ್ನೊಮ್ಮೆ ಕೇಳಬೇಕು. ಅಟ್ಟದಿಂದ ಇಳಿಸಿದ ಈ ಹಳೆಯ ಶಬ್ದದಿಂದ ಅಷ್ಟು ಕಲಿತರೆ, ಅದನ್ನು ಒರೆಸಿ ಬೆಳಗಿದ್ದು ಸಾರ್ಥಕ.